ಎರಡು ಪಿಟೀಲು, ಒಂದು ನಿಧಾನದ ಹಾಡು

ನಗಬಾರದ ಹೊತ್ತಿನಲ್ಲೇ ನಗು ಬರಿಸುವಂಥ ಸಂಗತಿಗಳು ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತವೆ. ಬೇರೆಯವರ ಮನೆಗೆ ಜಡ್ಡು ಬಂದರೆ ಅದೊಂದೇ ಬರುತ್ತದೆ. ನಮ್ಮ ಮನೆಗೆ ಬರುವಾಗ ಜೊತೆಗೆ ಏನಾದರೊಂದು ಫಜೀತಿಯನ್ನು ಕರೆದುಕೊಂಡೇ ಬರುತ್ತದೆ.

ನಾನು ಗಜೇಂದ್ರಗಡದಲ್ಲಿ ಜಂಪರು ಹೊಲಿಯುವವಳು. ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆ. ನಮ್ಮ ಮನೆಯವರು ಸೀರೆ ನೇಯುತ್ತಿದ್ದರು. ಮುಂದಿನ ಪಡಸಾಲೆಯಲ್ಲಿ ನನ್ನ ಮಷೀನು, ಒಳಗಿನ ಖೋಲಿಯಲ್ಲಿ ಅವರ ಮಗ್ಗ. ಜೊತೆಗೆ ಅವರು ಓಣಿಯ ಭಜನೆಯಲ್ಲಿ ಪಿಟೀಲು ಬಾರಿಸುತ್ತಿದ್ದರು. ಚಲೋ ಬಾರಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಸಂಗೀತದಲ್ಲಿ ಇರುವುದು ಎರಡೇ ಬಗೆ. ಬಂದ್ ಮಾಡಬಾರದೇ ಅನ್ನಿಸುವುದು ಒಂದು, ಇರಲಿ ಬಿಡು ಅನ್ನಿಸುವುದು ಇನ್ನೊಂದು. ಅವರ ಪಿಟೀಲು ಎರಡನೆಯ ಬಗೆಯದು.

ಅವರ ಕಿಡ್ನಿ ಕೆಟ್ಟವು. ರೋಣದ ದವಾಖಾನೆಯಲ್ಲಿ ರಕ್ತ ತೊಳೆಯುವ ಮಷೀನಿಗೆ ವಾರಕ್ಕೆ ಎರಡು ಸಲ ಹೋಗಬೇಕಾಯಿತು. ಅದಕ್ಕಾಗಿ ಎಡಗೈಯ ನರಗಳನ್ನು ಜೋಡಿಸಿ ಹೊಲಿದರು. ಆ ಕೈಯಿಂದ ಭಾರ ಎತ್ತಬಾರದು, ಬಹಳ ಹೊತ್ತು ಮಡಚಿ ಹಿಡಿಯಬಾರದು ಅಂದರು. ಪಿಟೀಲು ಹಿಡಿಯುವುದೂ ಅದೇ ಕೈಯಲ್ಲಿ. ಡಾಕ್ಟರ್ ಹೇಳಿದ್ದನ್ನು ಕೇಳಿ ಮನೆಯವರು ಮನೆಗೆ ಬಂದು ಪಿಟೀಲನ್ನು ನನ್ನ ಹಳೆಯ ಸೀರೆಯೊಂದರಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ಮಗ್ಗವೂ ನಿಂತಿತು. ಉಳಿದದ್ದು ಮೊಬೈಲಿನಲ್ಲಿ ಕೇಳುವುದು ಮಾತ್ರ.

ಯಾರು ಬರಾಕ್ ಹತ್ತ್ಯಾರ?

ಒಂದು ದಿನ ಅವರು ಮೊಬೈಲಿನಲ್ಲಿ ಪಿಟೀಲು ಹುಡುಕುತ್ತಿದ್ದಾಗ ಯಾವುದೋ ಪರದೇಶದ ಧ್ವನಿಮುದ್ರಣ ತಾನಾಗಿ ಸುರುವಾಯಿತು. ಎರಡು ಪಿಟೀಲು, ಕಾಲಿನ ನಡುವೆ ನಿಲ್ಲಿಸಿಕೊಂಡು ಬಾರಿಸುವ ಒಂದು ದೊಡ್ಡ ಪಿಟೀಲು, ಮತ್ತು ನಮ್ಮ ಹಾರ್ಮೋನಿಯಂ ಪೇಟಿಯ ಹಾಗೆ ಬೆರಳಿನಿಂದ ಒತ್ತುವ ಮನೆಗಳಿದ್ದರೂ ಒಳಗೆ ಗಾಳಿಯ ಬದಲು ತಂತಿಗಳಿರುವ ಒಂದು ವಾದ್ಯ. ಬಳೆಗಾರ ತಟ್ಟೆಯಲ್ಲಿ ಗಾಜಿನ ಬಳೆ ಸುರಿದಂತೆ ಅದರ ಸಪ್ಪಳ. ಹೆಸರೆಲ್ಲ ಇಂಗ್ಲಿಷಿನಲ್ಲಿತ್ತು. ಬಿ.ಎಡ್. ಮುಗಿಸಿ ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿದ್ದ ನಮ್ಮ ಮಗಳು ಬಗ್ಗಿ ನೋಡಿ ಗಟ್ಟಿಯಾಗಿ ಓದಿದಳು.

"ಇದು ಬರೋಕ್, ಅಪ್ಪಾ."

ನಾನು ಅಡುಗೆಮನೆಯಲ್ಲಿದ್ದೆ. ಅರ್ಧ ಕೇಳಿಸಿತು, ಅರ್ಧ ಇಲ್ಲ. "ಯಾರು ಬರಾಕ್ ಹತ್ತ್ಯಾರ?" ಅಂದೆ.

"ನಾಕ ಮಂದಿ ಅದಾರವಾ," ಅಂದಳು ಅವಳು ಮೊಬೈಲಿನಿಂದ ಕಣ್ಣು ತೆಗೆಯದೆ. "ಯುರೋಪಿನಾವ್ರು."

ನಮ್ಮೂರಿಗೆ ಕೈಮಗ್ಗ ನೋಡಲು ಆಗಾಗ ಹೊರಗಿನವರು ಬರುವುದುಂಟು. ನಾನು ಲಗೂನೆ ನಾಲ್ಕು ಕಪ್ಪಿನ ಚಾ ಇಟ್ಟೆ, ಕೂದಲು ನೀವಿಕೊಂಡೆ, ತಟ್ಟೆಗೆ ಚೂಡಾ ಹಾಕಿಕೊಂಡು ಹೊರಗೆ ಬಂದೆ. ನೋಡಿದರೆ ಮನೆಯಲ್ಲಿ ಇವರಿಬ್ಬರೇ. ಬರೋಕ್ ಅಂದರೆ ಮುನ್ನೂರು ವರ್ಷದ ಹಿಂದಿನ ಕಾಲದ ಸಂಗೀತವಂತೆ. ಅದರಲ್ಲೂ ಇದು ದೊಡ್ಡ ಸಭೆಗಲ್ಲ, ಖೋಲಿಯಲ್ಲಿ ನಾಲ್ಕು ಜನ ಕೂತು ಬಾರಿಸುವಂಥದಂತೆ. ಮಗಳು ಇದನ್ನೆಲ್ಲ ಹೇಳುವಷ್ಟರಲ್ಲಿ ಚಾ ಕುದಿದು ಉಕ್ಕಿತ್ತು.

ಮನೆಯವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ಕೊಟ್ಟಿದ್ದರು. ಚಾ ಬೆಳಿಗ್ಗೆ ಅರ್ಧ ಕಪ್ಪು, ಮುಗಿಯಿತು. ಅವರು ನನ್ನ ಕೈಯಲ್ಲಿದ್ದ ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ ಅಂದರು, "ಪಾಪ, ಮುನ್ನೂರು ವರ್ಷ ದಾರಿ ನಡದ ಬಂದಾರ. ಅವರ ಪಾಲಿಂದು ಚೆಲ್ಲಬ್ಯಾಡ, ನನಗ ಕೊಡು."

ನಾನು ಕೊಡಲಿಲ್ಲ. ಆಮೇಲೆ ಒಂದು ಗುಟುಕು ಕೊಟ್ಟೆ.

ಅಳು ಜಮಾ

ಆ ಧ್ವನಿಮುದ್ರಣ ನಾಲ್ಕು ತುಂಡಿನದು. ಮೊದಲನೆಯದು ನಿಧಾನ, ಎರಡನೆಯದು ಓಟ, ಮೂರನೆಯದು ಇನ್ನೂ ನಿಧಾನ, ನಾಲ್ಕನೆಯದು ಮತ್ತೆ ಓಟ. ಮನೆಯವರ ಜೀವವೆಲ್ಲ ಮೂರನೆಯದರ ಮೇಲೆ. ಅದರಲ್ಲಿ ಒಂದು ಪಿಟೀಲು ಏನೋ ಹೇಳಿ ಸುಮ್ಮನಾಗುತ್ತದೆ. ಇನ್ನೊಂದು ಅದನ್ನೇ ಸ್ವಲ್ಪ ಮೇಲಿನಿಂದ ಹೇಳುತ್ತದೆ. ದೊಡ್ಡ ಪಿಟೀಲು ಕೆಳಗೆ ಒಂದೊಂದೇ ಹೆಜ್ಜೆ ಇಡುತ್ತ ಹೋಗುತ್ತದೆ. ಅಷ್ಟೇ. ಅವರು ಅದನ್ನು ಮುಗಿದ ಕೂಡಲೇ ಮತ್ತೆ ಹಚ್ಚುತ್ತಿದ್ದರು.

ನಮ್ಮ ಮನೆಗೂ ದೊಡ್ಡವ್ವನ ಮನೆಗೂ ನಡುವೆ ಒಂದೇ ಗೋಡೆ. ಬಳಗದವಳಲ್ಲ, ಓಣಿಗೆಲ್ಲ ದೊಡ್ಡವ್ವ. ಒಂದು ಮಧ್ಯಾಹ್ನ ನಾನು ಮಷೀನಿನ ಮುಂದೆ ದಾರ ಪೋಣಿಸುತ್ತಿದ್ದೆ, ಅವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು, ತಲೆಯ ಹತ್ತಿರ ಮೊಬೈಲು ಹಾಡುತ್ತಿತ್ತು. ದೊಡ್ಡವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು. ಒಳಗೆ ಬಂದವಳೇ ಅವರ ಕಾಲ ಹತ್ತಿರ ಕುಸಿದು ಕೂತು ದನಿ ತೆಗೆದು ಅಳತೊಡಗಿದಳು. "ಹ್ವಾದ್ಯಾ ನನ್ನ ಮಗನ, ಹೆಣತೀನ ಬಿಟ್ಟು ಹ್ವಾದ್ಯಾ, ವಯಸ್ಸಿನ ಮಗಳನ ಬಿಟ್ಟು ಹ್ವಾದ್ಯಾ..."

ಮನೆಯವರು ಕಣ್ಣು ತೆರೆದು, ಅವಳು ಹಾಡಿಕೊಂಡು ಅಳುವುದನ್ನು ಸ್ವಲ್ಪ ಹೊತ್ತು ಕೇಳಿದರು. ತಮ್ಮ ಬಗ್ಗೆ ಯಾರಾದರೂ ಇಷ್ಟು ಒಳ್ಳೆಯ ಮಾತು ಆಡಿದ್ದು ಅವರು ಅದೇ ಮೊದಲ ಸಲ ಕೇಳಿರಬೇಕು. ಆಮೇಲೆ ಎದ್ದು ಕೂತು, "ಇನ್ನೂ ಇಲ್ಲ ದೊಡ್ಡವ್ವಾ. ಕೂಡ್ರು," ಅಂದರು.

ದೊಡ್ಡವ್ವನಿಗೆ ಜೀವ ಬಂದದ್ದಕ್ಕಿಂತ ಸಿಟ್ಟು ಬಂದದ್ದು ಜಾಸ್ತಿ. "ಮತ್ತ ಇಂಥಾ ಸತ್ತವರ ಹಾಡು ಯಾಕ ಹಚ್ಚತೀ? ಗ್ವಾಡಿ ಆಚಿಂದ ಕೇಳಿ ನನ್ನ ಎದಿ ಒಡದು ಹೋತು."

"ಇದು ಅಳೋ ಹಾಡಲ್ಲ ದೊಡ್ಡವ್ವಾ," ಅಂದರು ಅವರು. "ಅತ್ತು ಮುಗದ ಮ್ಯಾಲೆ ಮುಖ ತೊಳಕೊಂಡು ಕಟ್ಟಿ ಮ್ಯಾಲ ಬಂದು ಕೂಡತೇವಲ್ಲ, ಆಗಿಂದು."

"ಹಂಗಾದ್ರ ನಾ ಇಷ್ಟೊತ್ತು ಅತ್ತದ್ದು?"

"ಜಮಾ ಇರ್ಲಿ. ಮುಂದ ಬೇಕಾಗತದ."

ದೊಡ್ಡವ್ವ ಅವರ ಕಾಲಿಗೊಂದು ಪೆಟ್ಟು ಹಾಕಿ, ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ನಾನು ತಲೆ ತಗ್ಗಿಸಿ ಮಷೀನು ತುಳಿಯಲು ಸುರು ಮಾಡಿದೆ. ಬಹಳ ಹೊತ್ತು ತುಳಿದೆ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಎರಡೂ ಎಡಗೈ

ಮೂರನೆಯ ತುಂಡು ಅವರದಾದರೆ ನಾಲ್ಕನೆಯದು ನನ್ನ ವೈರಿ. ಅದರ ಓಟಕ್ಕೆ ನನ್ನ ಕಾಲು ತಾನಾಗಿ ಮಷೀನು ತುಳಿಯುತ್ತಿತ್ತು. ಅದು ಓಡಿದಂತೆ ನಾನೂ ಓಡುತ್ತಿದ್ದೆ. ಒಂದು ಪಿಟೀಲು ಮುಂದೆ, ಇನ್ನೊಂದು ಹಿಂದೆ, ಅವೆರಡರ ಹಿಂದೆ ನಾನು.

ಸಾಲಿಯ ಹೆಡ್ಡಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿಯೊಬ್ಬರು, ಮಗನ ನಿಶ್ಚಿತಾರ್ಥಕ್ಕೆ ಅಂತ ರೇಷ್ಮೆ ಜಂಪರು ಹೊಲಿಯಲು ಕೊಟ್ಟಿದ್ದರು. ಒಂದು ಸಂಜೆ ಒಯ್ಯಲು ಬಂದವರು ನಮ್ಮಲ್ಲೇ ಹಾಕಿಕೊಂಡು ನೋಡಿದರು. ಬಲಗೈ ಒಳಗೆ ಹೋಯಿತು, ಆದರೆ ಮುಂದೆ ಚಾಚಲು ಬರಲಿಲ್ಲ. ತೋಳು ಹಿಂದಕ್ಕೇ ಎಳೆಯುತ್ತಿತ್ತು. ನಾನು ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿ ಹೊಲಿದುಬಿಟ್ಟಿದ್ದೆ.

ಮೂವತ್ತು ವರ್ಷದ ಕೆಲಸದಲ್ಲಿ ಇಂಥದು ಆದದ್ದು ಅದೇ ಮೊದಲು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಚಾಪೆಯ ಮೇಲಿಂದ ಮನೆಯವರು ನನ್ನ ಪರವಾಗಿ ಮಾತಿಗೆ ಬಂದರು. "ಆಕೀದೇನ ತಪ್ಪಿಲ್ಲರಿ ಬಾಯಾರ. ಈ ಸಂಗೀತದಾಗ ಒಂದು ಪಿಟೀಲು ಹೇಳಿದ್ದನ್ನ ಇನ್ನೊಂದು ಹಂಗ ತಿರುಗಿ ಹೇಳತೇತಿ. ಅದನ್ನ ಕೇಳಕೋತ ಕೈಯೂ ಹಂಗ ಮಾಡೇತಿ."

ಹೆಡ್ಡಬಾಯಿ ಮಿಸುಕದೆ ನಿಂತು ಅದನ್ನೆಲ್ಲ ಕೇಳಿದರು. ಅವರ ಬಲಗೈ ಬೆನ್ನ ಹಿಂದೆಯೇ ಇತ್ತು. ಆಮೇಲೆ ನನಗೆ ಅಂದರು, "ತೋಳು ಬಿಚ್ಚಿ ಬ್ಯಾರೆ ಹಚ್ಚವಾ. ಆದ್ರ ನಂದು ಹೊಲಿಯೂಮುಂದ ರೇಡಿಯೋದಾಗ ವಾರ್ತಾ ಹಚ್ಚು."

ಯಾರ ಟೆಂಪೊ ನಿಧಾನ?

ಇದು ಸಣ್ಣದು. ನಮ್ಮ ಎದುರು ಮನೆಯವನದು ಟೆಂಪೊ. ಸಂತೆಯಿಂದ ಸಂತೆಗೆ ಸಾಮಾನು ಹೊಡೆಯುತ್ತಾನೆ. ರೋಣಕ್ಕೆ ಹೋಗುವ ದಿನ ಬಸ್ಸಿನಲ್ಲಿ ನಿಲ್ಲಲು ನಮ್ಮ ಮನೆಯವರ ಕೈಲಿ ಆಗದಾದಾಗ ಅವನೇ ಕರೆದುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ತಗ್ಗು ಕುಣಿ ಬಂದಲ್ಲೆಲ್ಲ ವೇಗ ಇಳಿಸಿ, ಇವರ ಮುಖ ನೋಡಿ ಮುಂದೆ ಹೋಗುತ್ತಿದ್ದ.

ಒಂದು ದಿನ ಕಟ್ಟೆಯ ಮೇಲೆ ಕೂತು ಮಗಳು ಅಪ್ಪನಿಗೆ ಅದೇ ಧ್ವನಿಮುದ್ರಣದ ಬಗ್ಗೆ ಓದಿ ಹೇಳುತ್ತಿದ್ದಳು. ಯಾರೋ ಕೇಳಿದವರು ಅದರ ಕೆಳಗೆ ಅಭಿಪ್ರಾಯ ಬರೆದಿದ್ದರು. "ಟೆಂಪೊ ಭಾಳ ನಿಧಾನ ಆತಂತ, ಅಪ್ಪಾ. ಇಷ್ಟು ನಿಧಾನ ಇರಬಾರದು, ಕೇಳೋರಿಗೆ ನಿದ್ದಿ ಬರತೇತಿ ಅಂತ."

ಎದುರು ಮನೆಯವ ಗಾಡಿ ತೊಳೆಯುತ್ತಿದ್ದ. ಬಕೀಟು ಕೆಳಗಿಟ್ಟು ಬಂದ. ಮುಖ ಸಪ್ಪಗಾಗಿತ್ತು. "ಅಣ್ಣಾರ, ನಿಮ್ಮ ಸಲುವಾಗೇ ನಿಧಾನ ಹೊಡಿತೀನ್ರಿ. ಜಗ್ಗಿದ್ರ ನಿಮ್ಮ ಕೈ ನೋವಾದೀತು ಅಂತ. ನಿದ್ದಿ ಬಂದ್ರ ಬರ್ಲಿ, ಮಲಕೋರಿ."

ಸಂಗೀತದ ನಡೆಗೂ ಟೆಂಪೊ ಅನ್ನುತ್ತಾರೆ ಅಂತ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕಾಯಿತು. ಎಲ್ಲ ಕೇಳಿ ಅವ ಒಂದೇ ಮಾತು ಕೇಳಿದ. "ಅವರದು ಡೀಸಲ್ಲೋ ಪೆಟ್ರೋಲೋ?"

ಬಿಳಿ ಎರಡೋ, ಕರಿ ಒಂದೋ

ನಮ್ಮ ಮನೆಯವರಿಗೆ ಸಣ್ಣವರಿದ್ದಾಗ ಪಿಟೀಲು ಕಲಿಸಿದ ಮಾಸ್ತರು ನರಗುಂದದಲ್ಲಿದ್ದರು. ಎಂಬತ್ತು ದಾಟಿದವರು. ಅವರಿಗೆ ಈ ಧ್ವನಿಮುದ್ರಣ ಕೇಳಿಸಬೇಕು ಅಂತ ಇವರು ಹಟ ಹಿಡಿದರು. ಕೇಳಿಸುವುದು ನೆಪ, ಒಮ್ಮೆ ಕಂಡು ಬರುವುದು ಅಂತ ನನಗೆ ಗೊತ್ತಾಯಿತು. ಮೂವರೂ ಹೋದೆವು.

ಮಾಸ್ತರು ಶಿಷ್ಯನ ಬಾತ ಮುಖ, ಕಾಲು ನೋಡಿದರು. ಎಡಗೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ನರ ಜೋಡಿಸಿದ ಜಾಗದಲ್ಲಿ ಬೆರಳಿಟ್ಟರೆ ಒಳಗೆ ಸದಾ ಗುಂಯ್‌ಗುಡುತ್ತದೆ. ಅವರಿಗೆ ಅದು ಬೆರಳಿಗೆ ಹತ್ತಿತು. ಬಗ್ಗಿ ಆ ಕೈಗೆ ಕಿವಿ ಹಚ್ಚಿದರು.

"ಇದೇನೋ, ತಂಬೂರಿ ಮಿಡದಂಗ ಐತೆಲ್ಲ."

"ಹೌದ್ರಿ, ಹಗಲೂರಾತ್ರಿ ಮಿಡಿತೇತ್ರಿ."

ಮಾಸ್ತರು ಹಾರ್ಮೋನಿಯಂ ಎಳೆದುಕೊಂಡು, ಒಂದು ಕೈಯಿಂದ ಮನೆ ಒತ್ತುತ್ತ, ಕಿವಿಯನ್ನು ಇವರ ಕೈಗೇ ಇಟ್ಟು ಅದರ ಶ್ರುತಿ ಹುಡುಕಿದರು. ಒಂದೊಂದೇ ಮನೆ ಒತ್ತಿ ತಲೆ ಅಲ್ಲಾಡಿಸಿದರು. ಕೊನೆಗೆ ಕಿವಿ ತೆಗೆದು, "ಯಾ ಪಟ್ಟಿಗೂ ಕೂಡವಲ್ದು. ಥೇಟ್ ನಿನ್ನಂಗ," ಅಂದರು. ಕಲಿಯುವಾಗ ಇವರು ಯಾವಾಗಲೂ ಶ್ರುತಿ ತಪ್ಪುತ್ತಿದ್ದರಂತೆ. ಇಬ್ಬರೂ ನಕ್ಕರು. ಮಾಸ್ತರು ನಕ್ಕ ಮೇಲೆ ಕನ್ನಡಕ ತೆಗೆದು ಧೋತರದ ತುದಿಯಿಂದ ಬಹಳ ಹೊತ್ತು ಒರೆಸಿದರು.

ಆಮೇಲೆ ಧ್ವನಿಮುದ್ರಣ ಹಚ್ಚಿದೆವು. ಹೆಸರಿನಲ್ಲೇ ಡಿ ಮೈನರ್ ಅಂತಿದೆ ಅಂದಳು ಮಗಳು. ಡಿ ಅಂದರೆ ಪೇಟಿಯಲ್ಲಿ ಬಿಳಿ ಎರಡು. ಮಾಸ್ತರು ಬಿಳಿ ಎರಡು ಒತ್ತಿದರು, ಕೂಡಲಿಲ್ಲ. ಅದರ ಕೆಳಗಿನ ಕರಿ ಒಂದು ಒತ್ತಿದರು, ಸರಿಯಾಗಿ ಕೂಡಿತು.

"ಇವರ ಶ್ರುತಿ ಇಳದೇತಿ," ಅಂದರು ಮಾಸ್ತರು.

"ಇಲ್ಲರಿ, ನಿಮ್ಮ ಪೇಟಿ ಏರೇತಿ," ಅಂದರು ಇವರು.

ಪಕ್ಕದ ಮನೆಯವರ ಪೇಟಿ ತರಿಸಿದರು. ಅದಕ್ಕೂ ಮಾಸ್ತರರ ಪೇಟಿಗೂ ಕೂಡಲಿಲ್ಲ. ಎರಡು ಪೇಟಿ, ಒಂದು ಮೊಬೈಲು, ಮೂರೂ ಒಟ್ಟಿಗೆ ಊದತೊಡಗಿದಾಗ ಹೊರಗೆ ಕಟ್ಟಿದ್ದ ಆಡು ಹಗ್ಗ ಹರಿಯಲು ನೋಡಿತು. ಕೊನೆಗೆ ಮಗಳು ಹುಡುಕಿ ಓದಿದಳು. ಆ ಕಾಲದಲ್ಲಿ ಅಲ್ಲಿ ಶ್ರುತಿ ಊರಿಗೊಂದು ಥರ ಇತ್ತಂತೆ. ಈಗ ಹಳೇ ಪದ್ಧತಿಯಲ್ಲಿ ಬಾರಿಸುವವರು ಇಂದಿನದಕ್ಕಿಂತ ಅರ್ಧ ಸ್ವರ ಕೆಳಗೇ ಇಟ್ಟುಕೊಳ್ಳುತ್ತಾರಂತೆ. ಆದರೆ ಹೆಸರು ಡಿ ಅಂತಲೇ.

ಮಾಸ್ತರರಿಗೆ ಭಾಳ ಸಮಾಧಾನವಾಯಿತು. "ಅಂದ್ರ ಹೇಳೋದು ಬಿಳಿ ಎರಡು, ಇರೋದು ಕರಿ ಒಂದು. ತಿಳೀತು ಬಿಡು. ಸಾಲ್ಯಾಗ ಬರಸಿದ ನನ್ನ ವಯಸ್ಸಿದ್ದಂಗ."

ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಬಂದರು. ಬಸ್ಸು ತಿರುಗುವವರೆಗೆ ಕೈ ಎತ್ತಿಕೊಂಡೇ ನಿಂತಿದ್ದರು.

ತಾಳ ಹಾಕುವವರಿಗೆ ಸೂಚನೆ

ರೋಣದಲ್ಲಿ ಮಷೀನಿನ ಖೋಲಿ ಅಂದರೆ ಒಂದು ಸಣ್ಣ ಊರು. ಮಂಗಳವಾರ ಬರುವವರು ಮಂಗಳವಾರದವರಿಗೆ ನೆಂಟರು. ಇವರ ಒಂದು ಬದಿಗೆ ಮೆಣಸಗಿಯ ಕಾಕಾ, ಹೊಳೆದಂಡೆಯ ಹೊಲದವರು. ಇನ್ನೊಂದು ಬದಿಗೆ ಯಾವಗಲ್ಲಿನ ಅಕ್ಕ, ಎಮ್ಮೆ ಸಾಕಿದವಳು. ನಾಲ್ಕು ತಾಸು ಮಲಗಿಯೇ ಇರಬೇಕು. ಮಾತೂ ಮುಗಿಯುತ್ತವೆ. ಆಗ ಇವರು ಎಲ್ಲರನ್ನೂ ಕೇಳಿ, ಸಣ್ಣ ದನಿಯಲ್ಲಿ ಧ್ವನಿಮುದ್ರಣ ಹಚ್ಚುತ್ತಿದ್ದರು.

ಮೂರನೆಯ ತುಂಡು ಯಾವ ಭಾವದ್ದು ಅಂತ ಅಲ್ಲಿ ಒಂದು ದಿನ ಚರ್ಚೆಯಾಯಿತು. ಯಾವಗಲ್ ಅಕ್ಕ ಅಂದಳು, "ಎಮ್ಮಿ ಕರುವನ್ನ ಮಾರಿದ ದಿನ ಸಂಜಿಮುಂದ ಎಮ್ಮಿ ಹಿಂಗ ನೋಡತೇತ್ರಿ. ಒದರೂದಿಲ್ಲ. ಸುಮ್ನ ನೋಡತೇತಿ."

ಮೆಣಸಗಿ ಕಾಕಾ ಒಪ್ಪಲಿಲ್ಲ. "ದುಃಖದ್ದಲ್ಲ ಬಿಡು. ಹೊಳಿ ಬಂದು ಮನ್ಯಾಗ ನಿಂತ ನೀರು ಹಿಂದಕ ಸರಿಯೂಮುಂದ, ಬಾಗಲ ಹೊಸ್ತಲಾ ಮೊದಲ ಕಾಣತೇತಿ. ಎಲ್ಲಾ ಹೋಗಿರತೇತಿ ಖರೇ, ಆದ್ರ ಹೊಸ್ತಲಾ ಕಂಡ್ರ ಏನೋ ಒಂಥರಾ ಆಗತೇತಿ. ಇದು ಅದು."

ಇವರು ಇಬ್ಬರಿಗೂ ಹೌದು ಅಂದರು. ಮುಂದೆ ನಾಲ್ಕನೆಯ ತುಂಡು ಸುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಅದರೊಳಗೆ ಟೀಂ ಟೀಂ ಅಂತ ಹೊಸದೊಂದು ಸಪ್ಪಳ ಸೇರಿತು. "ಇವತ್ತ ಹೊಸಾ ವಾದ್ಯ ಬಂದೈತಲ್ಲ," ಅಂದಳು ಅಕ್ಕ. "ತಾಳಕ್ಕ ಬರಾಬರ್ ಐತಿ," ಅಂದರು ಕಾಕಾ. ನಾನೂ ಚಲೋ ಐತಿ ಅಂದುಕೊಂಡೆ. ಅಷ್ಟರಲ್ಲಿ ಸಿಸ್ಟರ್ ಆಚೆ ಬದಿಯ ರೋಗಿಯನ್ನು ಬಿಟ್ಟು ಓಡಿ ಬಂದರು. ಅದು ಕಾಕಾನ ಮಷೀನು ಕೂಗುವ ಸಪ್ಪಳ. ಕಾಕಾ ಸೂಜಿ ಚುಚ್ಚಿದ ಕೈಯಿಂದಲೇ ತಾಳ ಹಾಕಿದ್ದರಿಂದ ಕೊಳವೆ ಮಡಚಿಕೊಂಡಿತ್ತು. ಏನೂ ಅನಾಹುತವಾಗಲಿಲ್ಲ. ಸಿಸ್ಟರ್ ಕೊಳವೆ ನೆಟ್ಟಗೆ ಮಾಡಿದರು, ಸೊಂಟದ ಮೇಲೆ ಕೈಯಿಟ್ಟು ನಮ್ಮೆಲ್ಲರನ್ನೂ ನೋಡಿದರು. ಹಾಡು ಬಂದ್ ಮಾಡ್ರಿ ಅನ್ನುತ್ತಾರೆ ಅಂತ ಕಾದೆವು.

"ತಾಳ ಹಾಕೋರು ಕಾಲಿಂದ ಹಾಕ್ರಿ," ಅಂದು ಹೋದರು.

ಅಂದಿನಿಂದ ಆ ಖೋಲಿಯಲ್ಲಿ ನಾಲ್ಕನೆಯ ತುಂಡು ಬಂದಾಗ ಎಲ್ಲ ಚಾದರಗಳ ತುದಿ ಕುಣಿಯುತ್ತಿದ್ದವು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಮಂಗಳವಾರ ಮೆಣಸಗಿ ಕಾಕಾನ ಮಂಚದ ಮೇಲೆ ಹೊಸಬರೊಬ್ಬರು ಮಲಗಿದ್ದರು. ಕಾಕಾ ಎಲ್ಲಿ ಅಂತ ನಾವು ಯಾರೂ ಕೇಳಲಿಲ್ಲ, ಸಿಸ್ಟರೂ ಹೇಳಲಿಲ್ಲ. ಇವರು ಹಾಡು ಹಚ್ಚಿದರು. ನಾಲ್ಕನೆಯ ತುಂಡು ಬಂದಾಗ ಹೊಸಬರು ನಮ್ಮೆಲ್ಲರ ಕಾಲು ನೋಡಿ ಹೆದರಿ, ಸಿಸ್ಟರನ್ನು ಕರೆದು ಕೇಳಿದರು, "ಈ ಮಷೀನ್ ಹಚ್ಚಿದ್ರ ಎಲ್ಲಾರಿಗೂ ಹಿಂಗ ಕಾಲು ನಡಗ್ತಾವೇನ್ರಿ?"

ಲಗೂ ಬಂದ್ರಿ

ಇದನ್ನು ಹೇಳುವುದೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದ್ದೇನೆ.

ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ಅವರು, "ನನ್ನ ಮಣ್ಣಿಗೆ ಒಯ್ಯುವಾಗ ಮೂರನೇದು ಹಚ್ಚರಿ. ಭಜನಿ ಆಮ್ಯಾಲ ಇರ್ಲಿ. ನನಗ ಆ ನಡಿಗೀಲೆ ಹೋಗಬೇಕಾಗೇತಿ," ಅಂದರು. ಅವರು ನನ್ನನ್ನು ಕೇಳಿಕೊಂಡದ್ದು ಅದೊಂದೇ. ನಾನು ಎದ್ದು ಹೋಗಿ ಒಣಗಿದ ಬಟ್ಟೆ ತೆಗೆದೆ. ಮಗಳಿಗೆ ಮಾತ್ರ ಹೇಳಿಟ್ಟೆ.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಮನೆಯಲ್ಲೇ ಹೋದರು. ಉಸಿರಾಡುವುದು ಕಷ್ಟವಾಗಿತ್ತು. ನನ್ನ ಕೈ ಹಿಡಿದಿದ್ದರು, ಆಮೇಲೆ ನಾನೇ ಅವರ ಕೈ ಹಿಡಿದಿದ್ದೆ. ಎಡಗೈ. ಅದರೊಳಗಿನ ಗುಂಯ್ ಅನ್ನುವುದು ನಿಂತದ್ದು ಮೊದಲು ನನ್ನ ಬೆರಳಿಗೆ ಗೊತ್ತಾಯಿತು.

ನಮ್ಮಲ್ಲಿ ಅದೇ ದಿನ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ. ಹೆಣ್ಣುಮಕ್ಕಳೂ ಹೋಗುತ್ತೇವೆ. ಭಜನೆಯವರಿಗೆ ಮಗಳು ಅಪ್ಪನ ಆಸೆ ತಿಳಿಸಿದಳು. ಅವರು ಒಪ್ಪಿ ತಾಳಗಳನ್ನು ಜೇಬಿಗೆ ಹಾಕಿಕೊಂಡರು. ಎದುರು ಮನೆಯವ ಟೆಂಪೊದಲ್ಲಿ ಸ್ಪೀಕರ್ ಡಬ್ಬಿ ಇಟ್ಟು ಮುಂದೆ ನಿಲ್ಲಿಸಿದ. ನಮ್ಮ ಮನೆಯವರ ಮೊಬೈಲಿಗೆ ಚಾರ್ಜು ಇರಲಿಲ್ಲ, ಅದನ್ನು ನೋಡುವ ವ್ಯವಧಾನ ಅವತ್ತು ಯಾರಿಗಿತ್ತು. ಮಗಳು ತನ್ನ ಮೊಬೈಲಿನಲ್ಲಿ ಮೂರನೆಯ ತುಂಡು ಹುಡುಕಿ, ಮತ್ತೆ ಮತ್ತೆ ಬರುವಂತೆ ಮಾಡಿ, ಸ್ಪೀಕರಿಗೆ ಜೋಡಿಸಿ ಟೆಂಪೊದಲ್ಲೇ ಇಟ್ಟು, ಚಟ್ಟದ ಹಿಂದೆ ನನ್ನ ತೋಳು ಹಿಡಿದು ನಿಂತಳು.

ಹಾಡು ಸುರುವಾಯಿತು. ಚಟ್ಟ ಎತ್ತಿದರು.

ಏನೋ ಬೇರೆ ಅನ್ನಿಸಿತು. ಅದೇ ಪಿಟೀಲು, ಅದೇ ದನಿ, ಆದರೆ ದೊಡ್ಡ ಪಿಟೀಲು ಹೆಜ್ಜೆ ಇಡುತ್ತಿರಲಿಲ್ಲ, ದಾಪುಗಾಲು ಹಾಕುತ್ತಿತ್ತು. ಅಳುವಾಗ ಎಲ್ಲವೂ ಬೇರೆಯಾಗಿ ಕೇಳುತ್ತದೆ ಅಂತ ನಾನು ಅಂದುಕೊಂಡೆ. ಹೊತ್ತವರ ಕಾಲು ಹಾಡಿಗೆ ಹೊಂದಿಕೊಂಡವು. ಚಟ್ಟ ಹಿಂದೆ ಬಂದು ಬಡಿದೀತು ಅಂತ ಟೆಂಪೊದವ ಗಾಡಿ ಜೋರು ಮಾಡಿದ. ಗಾಡಿಯ ಜೊತೆ ಹಾಡು ದೂರ ಹೋಗುತ್ತದೆ ಅಂತ ಹೊತ್ತವರು ಇನ್ನಷ್ಟು ಬೀಸಾಗಿ ನಡೆದರು. ಭಜನೆಯವರಲ್ಲಿ ಒಬ್ಬರಿಗೆ ತಡೆಯಲಾಗಲಿಲ್ಲ, ಜೇಬಿನಿಂದ ತಾಳ ತೆಗೆದು ಹೆಜ್ಜೆಗೆ ಕೂಡಿಸಿದರು. ಓಣಿಯ ಮೂಲೆಯಲ್ಲಿ ಹೂವಿನ ಮಾಲೆ ಹಿಡಿದು ನಿಂತವರು ಮಾಲೆ ಎತ್ತುವಷ್ಟರಲ್ಲಿ ನಾವು ದಾಟಿಹೋಗಿದ್ದೆವು, ಅವರೂ ಹಿಂದೆ ಓಡಿ ಬಂದರು. ಕ್ರಿಯೆ ಮಾಡಿಸುವ ಅಯ್ಯನವರು ವಯಸ್ಸಾದವರು, ಮೈಭಾರದವರು. "ನಿಧಾನ್ರಪಾ, ನಿಧಾನ," ಅನ್ನುತ್ತಲೇ ಇದ್ದರು. ಕೊನೆಗೆ ಅನ್ನಲೂ ಅವರಿಗೆ ಉಸಿರು ಇರಲಿಲ್ಲ.

ಹೊಲದ ದಂಡೆಯಲ್ಲಿ ಕುಣಿ ತೋಡುತ್ತಿದ್ದ ಇಬ್ಬರು ಸಲಿಕೆ ಹಿಡಿದವರು ಹಾಗೇ ನಿಂತು ನೋಡಿದರು. ಒಬ್ಬ ಅಂದ, "ಭಾಳ ಲಗೂ ಬಂದ್ರೆಲ್ಲರಿ. ಇನ್ನೂ ಮೊಣಕಾಲುಮಟ ಆಗೇತಿ."

ಚಟ್ಟವನ್ನು ಬೇವಿನ ಗಿಡದ ನೆರಳಿಗೆ ಇಳಿಸಿದರು. ಜನ ಏದುಸಿರು ಬಿಡುತ್ತ ಅಲ್ಲಲ್ಲಿ ಕೂತರು. ಸ್ಪೀಕರಿನಲ್ಲಿ ಹಾಡು ಇನ್ನೂ ದೌಡಾಯಿಸುತ್ತಿತ್ತು. ನಾನು ಮಗಳಿಗೆ ಮೆಲ್ಲಗೆ ಕೇಳಿದೆ, "ಇದು ಮೂರನೇದೇನ?"

ಅವಳು ಟೆಂಪೊದಲ್ಲಿದ್ದ ಮೊಬೈಲು ತೆಗೆದು ನೋಡಿದಳು. ಬಾಯಿಗೆ ಕೈ ಅಡ್ಡ ಬಂತು. ಪರೀಕ್ಷೆಯ ಪಾಠಗಳನ್ನು ಬೇಗ ಮುಗಿಸಲು ಅವಳು ವೇಗ ಹೆಚ್ಚು ಮಾಡಿಟ್ಟು ಕೇಳುತ್ತಿದ್ದಳು. ಅದು ಹಾಗೇ ಉಳಿದಿತ್ತು. "ಅವ್ವಾ, ಒಂದೂವರಿಪಟ್ಟು ಐತಿ," ಅಂದಳು.

ನನಗೆ ನಗು ಬಂತು. ಎಲ್ಲಿಂದ ಬಂತೋ. ಅವರ ತಲೆಯ ಹತ್ತಿರ ಕೂತಿದ್ದೆ, ಸೆರಗು ಬಾಯಿಗೆ ತುರುಕಿಕೊಂಡೆ, ಮೈಯೆಲ್ಲ ಅಲುಗುತ್ತಿತ್ತು. ಹೆಣ್ಣುಮಕ್ಕಳು ನಾಲ್ಕು ಕಡೆಯಿಂದ ಬಂದು ಹಿಡಿದುಕೊಂಡು, "ಅಳಬ್ಯಾಡವಾ, ಗಟ್ಟಿಯಾಗು," ಅಂದರು. ಹಾಗೆ ಅಂದಷ್ಟೂ ಜಾಸ್ತಿಯಾಯಿತು. ಅದು ಯಾವ ಗಳಿಗೆಯಲ್ಲಿ ಅಳುವಾಯಿತು ಅಂತ ನನಗೆ ಈಗಲೂ ಗೊತ್ತಿಲ್ಲ. ಆದರೆ ಆಮೇಲೆ ಅದು ಅಳುವೇ.

ಮಗಳು ವೇಗ ಸರಿಮಾಡಿ ಮೊದಲಿನಿಂದ ಹಚ್ಚಿದಳು. ಒಂದು ಪಿಟೀಲು ಹೇಳಿತು, ಸುಮ್ಮನಾಯಿತು. ಇನ್ನೊಂದು ಹೇಳಿತು. ಹಾಡು ಎರಡು ಮೂರು ಸಲ ತಿರುಗಿ ಬಂದಿರಬೇಕು. ಅಷ್ಟರಲ್ಲಿ ಅಯ್ಯನವರು ಮುಳುಗುವ ಹೊತ್ತನ್ನು ಒಮ್ಮೆ, ಕುಣಿಯನ್ನು ಒಮ್ಮೆ ನೋಡತೊಡಗಿದರು. ನಾನೂ ನೋಡಿದೆ. ತೋಡುವ ಇಬ್ಬರ ಸಲಿಕೆಗಳು ಹಾಡಿನ ನಡೆಗೆ ಹೊಂದಿಕೊಂಡುಬಿಟ್ಟಿದ್ದವು. ಸಲಿಕೆ ಮೆಲ್ಲಗೆ ಮಣ್ಣಿಗೆ ಇಳಿಯುತ್ತಿತ್ತು, ಮೆಲ್ಲಗೆ ಮೇಲೆ ಬರುತ್ತಿತ್ತು, ಪಿಟೀಲು ಸುಮ್ಮನಾದಲ್ಲಿ ಅವರ ಕೈಯೂ ನಿಲ್ಲುತ್ತಿತ್ತು.

ಅಯ್ಯನವರು ಮಗಳ ಹತ್ತಿರ ಬಗ್ಗಿ ಅಂದರು, "ತಂಗೀ, ಮೊದಲಿನಂಗ ಹಚ್ಚವಾ. ಹಿಂಗಾದ್ರ ಕುಣಿ ಮುಗಿಯಾಂಗಿಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ನಮ್ಮ ಮನೆಯವರ ಹಣೆಯ ಮೇಲಿನ ಹೂ ಸರಿಮಾಡಿದೆ.

"ಇರ್ಲಿ ಬಿಡ್ರಿ ಅಯ್ನಾರ," ಅಂದೆ. "ಇವರೇನ ಅವಸರ ಮಾಡವಲ್ರು."